ಪರದೇಶಿ ಯಾರು ಸ್ವಾಮಿ?

ನೆಲಮಂಗಲದ ಹತ್ತಿರ ಸೊಂಡೆಕೊಪ್ಪ ಅಂತ ಒಂದು ಊರಿದೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯ ಒಂದು ಹಾಸ್ಟೆಲ್ ಇತ್ತು. ದಲಿತರ ಮಕ್ಕಳು, ಬಡವರ ಮಕ್ಕಳು ಉಂಡು, ಮಲಗಿ, ಓದಲಿ ಅಂತ ಕಟ್ಟಿದ ಕಟ್ಟಡ. ಆ ಹಾಸ್ಟೆಲ್ ಮುಚ್ಚಿಹೋಯಿತು. 2019ರ ಕೊನೆಯ ಹೊತ್ತಿಗೆ ಸರ್ಕಾರ ಅದೇ ಕಟ್ಟಡಕ್ಕೆ ಸುಣ್ಣ ಬಣ್ಣ ಬಳಿಸಿ, ಎತ್ತರದ ಕಾಂಪೌಂಡಿನ ಮೇಲೆ ಮುಳ್ಳುತಂತಿ ಎಳೆಸಿ, ಕಾವಲು ಗೋಪುರ ನಿಲ್ಲಿಸಿ, ಅಕ್ರಮ ವಲಸಿಗರನ್ನು ಕೂಡಿಹಾಕುವ ಬಂಧನ ಕೇಂದ್ರ ಮಾಡಿತು. ಕರ್ನಾಟಕದ ಮೊದಲ ಬಂಧನ ಕೇಂದ್ರ ಅದು.

ನಾವು ಹಾಸ್ಟೆಲ್ ಹುಡುಗರು. ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮಕ್ಕಳು. ತಗಡಿನ ಟ್ರಂಕು, ಒಂದು ತಟ್ಟೆ, ಒಂದು ಲೋಟ ಹಿಡಕೊಂಡು ಸಾಲಲ್ಲಿ ನಿಂತು, ನೀರು ಸಾರಿನಲ್ಲಿ ಬೇಳೆ ಹುಡುಕಿ ಡಿಗ್ರಿ ಮಾಡಿದವರು. ದಲಿತರ ಮಕ್ಕಳನ್ನು ಉಳಿಸಿಕೊಳ್ಳಲಾರದ ಕಟ್ಟಡಕ್ಕೆ ಕಾವಲು ಗೋಪುರ ಕಟ್ಟುವ ಕಾಸು ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ಬೇರೆ ಯಾರಿಗಿಂತಲೂ ನಮಗೆ ಹೆಚ್ಚು. ಓದಲು ಬಂದ ಬಡವನಿಗೆ ಎತ್ತಿದ ಗೋಡೆಯೇ ದುಡಿಯಲು ಬಂದ ಬಡವನಿಗೆ ಸೆರೆಮನೆ ಆಗುತ್ತದೆ ಅಂದರೆ, ಆಳುವವರ ಕಣ್ಣಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಇದನ್ನ ನಾವು ಮೊದಲು ತಿಳ್ಕೋಬೇಕು.

ಗೆಳೆಯರೇ, ಈಗ ಎಲ್ಲ ಕಡೆ ಒಂದೇ ಕೂಗು. ಅಕ್ರಮ ವಲಸಿಗರನ್ನ ಹಿಡೀರಿ, ಹೊರಗೆ ಹಾಕಿ. ದಿಲ್ಲಿ ಮಾಡದಿದ್ದರೆ ರಾಜ್ಯ ಮಾಡಲಿ, ರಾಜ್ಯ ಮಾಡದಿದ್ದರೆ ನಾವೇ ಮಾಡ್ತೀವಿ. ವೇದಿಕೆ ಮೇಲಿನ ಭಾಷಣಕಾರ ಇದನ್ನೇ ಹೇಳ್ತಾನೆ, ಟಿವಿಯವರು ಇದನ್ನೇ ಅರಚ್ತಾರೆ. ನಮ್ಮ ಕೇರಿಯ ಹುಡುಗರೂ ಮೊಬೈಲ್ ಹಿಡಿದು ಇದನ್ನೇ ಹಂಚುತ್ತಾ ಕೂತಿದ್ದಾರೆ. ಆ ಹುಡುಗರಿಗಾಗಿಯೇ ನಾವು ಇದನ್ನ ಈಸೂರಿನಿಂದ ಬರೀತಿದ್ದೀವಿ. ಭಾಷಣಕಾರರಿಗೆ ಬರೆದು ಪ್ರಯೋಜನ ಇಲ್ಲ, ಅವರಿಗೆ ಎಲ್ಲ ಗೊತ್ತು.

ನಮ್ಮ ಕನ್ನಡ ಪರದೇಶಿ ಅನ್ನೋ ಮಾತಿಗೆ ಎರಡು ಅರ್ಥ ಇಟ್ಟಿದೆ. ಒಂದು, ಬೇರೆ ದೇಶದವನು. ಇನ್ನೊಂದು, ದಿಕ್ಕಿಲ್ಲದವನು. ಹೆತ್ತವರು ಸತ್ತ ಕೂಸನ್ನ ನಮ್ಮ ಕಡೆ ಪರದೇಶಿ ಕೂಸು ಅಂತಾರೆ. ಕಾನೂನಿನ ಪುಸ್ತಕದಲ್ಲಿ ಮೊದಲನೇ ಅರ್ಥ ಮಾತ್ರ ಇದೆ. ಬೀದಿಯಲ್ಲಿ ನಡೆಯೋದು ಎರಡನೇ ಅರ್ಥ. ಸಾಹುಕಾರರ ಮಗ ವೀಸಾ ಮುಗಿದ ಮೇಲೂ ಅಮೆರಿಕದಲ್ಲಿ ಉಳಿದರೆ ಅವನು ಫಾರಿನ್ನಲ್ಲಿ ಸೆಟ್ಲ್ ಆಗಿದ್ದಾನೆ ಅಂತಾರೆ. ಚಿಂದಿ ಆಯುವವನು ತನ್ನದೇ ದೇಶದ ಇನ್ನೊಂದು ರಾಜ್ಯದಿಂದ ಬೆಂಗಳೂರಿಗೆ ಬಂದರೆ ನುಸುಳುಕೋರ ಅಂತಾರೆ. ಯಾವ ದೇಶದವನು ಅಂತ ಯಾರೂ ಕೇಳೋದಿಲ್ಲ ಸ್ವಾಮಿ, ದಿಕ್ಕು ಇದೆಯೋ ಇಲ್ಲವೋ ಅಂತ ನೋಡ್ತಾರೆ.

ಕಾನೂನು ಏನು ಹೇಳುತ್ತೆ ನೋಡೋಣ. ಪೌರತ್ವ ಕೊಡೋದು, ವಿದೇಶಿಯರನ್ನ ಒಳಗೆ ಬಿಡೋದು, ಹೊರಗೆ ಕಳಿಸೋದು, ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಗೆ ಸೇರಿದವು. ಪೊಲೀಸು ಮಾತ್ರ ರಾಜ್ಯದ್ದು. ಹಾಗಿದ್ದರೆ ಠಾಣೆಯ ಪೇದೆ ಯಾವ ಅಧಿಕಾರದಿಂದ ಶೆಡ್ಡಿನ ಬಾಗಿಲು ತಟ್ಟುತ್ತಾನೆ? 258ನೇ ವಿಧಿಯ ಪ್ರಕಾರ ಕೇಂದ್ರ ತನ್ನ ಕೆಲಸವನ್ನ ರಾಜ್ಯಕ್ಕೆ ವಹಿಸಬಹುದು. 1958ರಲ್ಲಿ ಹಾಗೆ ವಹಿಸಿಯೂ ಆಗಿದೆ. ಅಂದರೆ ರಾಜ್ಯದ ಕೈಯಲ್ಲಿರೋದು ಎರವಲು ಲಾಠಿ.

ಆ ಲಾಠಿಯನ್ನ ಕೆತ್ತಿದವರು ಯಾರು? 1946ರ ವಿದೇಶಿಯರ ಕಾಯ್ದೆ ಬ್ರಿಟಿಷರು ಇನ್ನೂ ಕುರ್ಚಿಯಲ್ಲಿ ಕೂತಿದ್ದಾಗ ಆದದ್ದು, ಸಂವಿಧಾನಕ್ಕಿಂತ ವಯಸ್ಸಿನಲ್ಲಿ ದೊಡ್ಡದು. ಅದರ 9ನೇ ಕಲಮು ಒಂದು ವಿಚಿತ್ರ ಮಾತು ಹೇಳುತ್ತಿತ್ತು. ನೀನು ವಿದೇಶಿ ಅಂತ ಸರ್ಕಾರ ಸಾಬೀತು ಮಾಡಬೇಕಿಲ್ಲ. ನೀನು ವಿದೇಶಿ ಅಲ್ಲ ಅಂತ ನೀನೇ ಸಾಬೀತು ಮಾಡಬೇಕು. ಕೊಲೆ ಮಾಡಿದ ಅಂತ ಹಿಡಿದು ತಂದವನ ಮೇಲೂ ಸಾಮಾನ್ಯವಾಗಿ ಈ ಹೊರೆ ಇಲ್ಲ, ಅಲ್ಲಿ ಪೊಲೀಸರೇ ಸಾಕ್ಷಿ ತರಬೇಕು. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆ ಕಿತ್ತುಹಾಕಿ ಒಂದೇ ಹೊಸ ಕಾಯ್ದೆ ತಂದಿದ್ದಾರೆ. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಂದವನಿಗೆ ಐದು ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ. ಎಷ್ಟೋ ಬದಲಾಯಿತು, ಆ ಹೊರೆ ಮಾತ್ರ ಬಡವನ ಹೆಗಲ ಮೇಲೇ ಉಳಿಯಿತು.

ಈ ಕಾಯ್ದೆ ದಿಲ್ಲಿಯಿಂದ ವಿಧಾನಸೌಧಕ್ಕೆ ಇಳಿಯುತ್ತೆ. ಅಲ್ಲಿಂದ ಠಾಣೆಗೆ, ಠಾಣೆಯಿಂದ ವಾರ್ಡಿನ ಇಂಜಿನಿಯರಿಗೆ, ಜಾಗದ ಮಾಲೀಕನಿಗೆ, ಕೊನೆಗೆ ಮೊಬೈಲ್ ಹಿಡಿದ ಬೀದಿ ಪುಂಡನಿಗೆ. ಒಂದೊಂದು ಮೆಟ್ಟಿಲು ಇಳಿದ ಹಾಗೂ ಸಾಕ್ಷಿ ಸವೆಯುತ್ತೆ, ಅನುಮಾನ ಕೊಬ್ಬುತ್ತೆ. ತಳಕ್ಕೆ ಬರೋ ಹೊತ್ತಿಗೆ ಉಳಿಯೋದು ಮೂರೇ ಪುರಾವೆ: ಉಟ್ಟ ಲುಂಗಿ, ಆಡುವ ನುಡಿ, ತಗಡಿನ ಶೆಡ್ಡು.

2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು ಇದೇ. ಆ ಕಡೆಯ ಶಾಸಕರು ಒಂದು ವಿಡಿಯೋ ಹಂಚಿ, ಇಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಇರಬಹುದು ಅಂದರು. ಪೊಲೀಸರು ಜಾಗದ ಮಾಲೀಕರಿಗೆ ನೋಟಿಸು ಕೊಟ್ಟರು. ಪಾಲಿಕೆಯ ಒಬ್ಬ ಇಂಜಿನಿಯರು ಬಂದೋಬಸ್ತು ಕೇಳಿ ಪತ್ರ ಬರೆದರು. ವಾರ ತುಂಬುವಷ್ಟರಲ್ಲಿ ಜೆಸಿಬಿ ಬಂತು. ಶೆಡ್ಡುಗಳು ನೆಲಸಮ. ಕೋರ್ಟಿಲ್ಲ, ವಿಚಾರಣೆ ಇಲ್ಲ, ಒಬ್ಬನೇ ಒಬ್ಬ ವಿದೇಶಿ ಅಂತ ತೀರ್ಮಾನ ಆಗಿಲ್ಲ. ಒಡೆದ ಮೇಲೆ ನೋಡಿದರೆ ಅಲ್ಲಿದ್ದವರು ಅಸ್ಸಾಮಿನವರು, ತ್ರಿಪುರಾದವರು, ಪಶ್ಚಿಮ ಬಂಗಾಳದವರು. ಅವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದ ಊರುಗಳಿಂದ ಗುಳೆ ಬಂದ ಕೂಲಿಯವರು! ಆಧಾರ್ ಇತ್ತು, ವೋಟರ್ ಕಾರ್ಡ್ ಇತ್ತು. ಕೈಯಲ್ಲಿ ಹಿಡಿದು ತೋರಿಸಿದರು. ಜೆಸಿಬಿಗೆ ಓದೋಕೆ ಬರಲ್ಲ.

ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡದ ಕೂಲಿ ಬಾಂಗ್ಲಾದೇಶಿ ಅಂತ ಬೀದಿಗೆ ಬಿದ್ದ. ಆಗ ಕನ್ನಡದ ಹೆಸರಲ್ಲಿ ಎದೆ ಬಡಕೊಳ್ಳುವವರು ಎಲ್ಲಿದ್ದರು? ಹೈಕೋರ್ಟು ತಡೆ ಕೊಟ್ಟಿತು, ಸರ್ಕಾರವನ್ನ ತರಾಟೆಗೆ ತಗೊಂಡಿತು, ನೆಲೆ ಕಳಕೊಂಡವರಿಗೆ ಪುನರ್ವಸತಿ ಕೊಡಬೇಕು ಅಂತ ಹೇಳಿತು. ಅಷ್ಟರಲ್ಲಿ ಅಕ್ಕಿ ಮೂಟೆ ಮಣ್ಣುಪಾಲಾಗಿತ್ತು. ಅದೇ ತಿಂಗಳು ಕೊಡಗಿನಲ್ಲಿ ಕಾಫಿ ತೋಟದ ಕೂಲಿಯವರನ್ನ ಸಾವಿರಾರು ಲೆಕ್ಕದಲ್ಲಿ ಕರೆಸಿ, ಸಾಲಲ್ಲಿ ನಿಲ್ಲಿಸಿ, ಪೊಲೀಸರು ದಾಖಲೆ ನೋಡಿದರು. ಆ ತೋಟಗಳ ಮಾಲೀಕರ ದಾಖಲೆ ಯಾರೂ ನೋಡಲಿಲ್ಲ. ಕೂಲಿ ಎಷ್ಟು ಕೊಟ್ಟಿರಿ, ಲೈನುಮನೆಯಲ್ಲಿ ಕಕ್ಕಸು ಇದೆಯಾ ಅಂತ ಆ ಸಾಲಿನಲ್ಲಿ ಕೇಳುವವರಿರಲಿಲ್ಲ.

ಶೆಡ್ಡಿನವರು ಬೆಂಗಳೂರಿಗೆ ಯಾಕೆ ಬೇಕು? ಅಪಾರ್ಟ್‌ಮೆಂಟಿನ ಕಸ ಬೇರೆ ಮಾಡಲು ಬೇಕು, ಕಾವಲಿಗೆ ಬೇಕು, ಪಾತ್ರೆ ತಿಕ್ಕಲು ಬೇಕು. ಬೆಳಿಗ್ಗೆ ಬೇಕು, ರಾತ್ರಿ ಬೇಡ. ಈ ಲೆಕ್ಕ ನಮಗೆ ಹೊಸದೇ? ಸತ್ತ ದನ ಎಳೆಯಲು ಹೊಲೆಯ ಬೇಕು, ಚಪ್ಪಲಿಗೆ ಮಾದಿಗ ಬೇಕು, ಬಾವಿಕಟ್ಟೆಗೆ ಬೇಡ. ಊರಿಗೆ ಬೇಕು, ಊರೊಳಗೆ ಬೇಡ. ಸಾವಿರಾರು ವರ್ಷದಿಂದ ಪಾಸ್‌ಪೋರ್ಟ್ ಇಲ್ಲದೆ ತಮ್ಮದೇ ಊರಿನ ಗಡಿಯಾಚೆ ನಿಂತವರು ನಾವು. ಹಾಗಾಗಿ ಇನ್ನೊಬ್ಬನಿಗೆ ಗೆರೆ ಎಳೆಯೋಕೆ ನಮ್ಮ ಹುಡುಗರ ಕೈಗೆ ಸುಣ್ಣದ ಡಬ್ಬಿ ಕೊಟ್ಟರೆ, ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಅಂತ ನಾವು ಕೇಳಲೇಬೇಕು.

ಕಾಗದ ಇದ್ದರೆ ಭಯ ಯಾಕೆ ಅಂತಾರೆ. ಹೌದಪ್ಪ, ಕಾಗದ ಯಾರ ಮನೆಯಲ್ಲಿರುತ್ತೆ? ಪಿತ್ರಾರ್ಜಿತ ಇದ್ದವನಿಗೆ ಪಹಣಿ ಇರುತ್ತೆ. ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದವನಿಗೆ ಜನನ ಪತ್ರ ಇರುತ್ತೆ. ನಮ್ಮ ಅವ್ವಂದಿರು ಹುಟ್ಟಿದ ದಿನ ಯಾವುದು? ದೊಡ್ಡ ಮಳೆ ಬಂದ ವರ್ಷ, ಮಾರಿಹಬ್ಬದ ಆಚೆ ವಾರ. ನಮಗೇ ಹುಟ್ಟಿದ ದಿನ ಬರೆದವರು ಶಾಲೆಯ ಮೇಷ್ಟ್ರು. ಸೇರಿಸಿದ್ದು ಜೂನ್ ತಿಂಗಳು, ಅದಕ್ಕೇ ನಮ್ಮ ಕೇರಿಯ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ರೇಷನ್ ಕಾರ್ಡಲ್ಲಿ ದುರ್ಗಮ್ಮ, ವೋಟರ್ ಪಟ್ಟಿಯಲ್ಲಿ ದುರುಗವ್ವ, ಆಧಾರಲ್ಲಿ ದುರ್ಗಿ. ಮೂರೂ ಒಬ್ಬಳೇ ಅಂತ ಸಾಬೀತು ಮಾಡಲು ಅವಳು ಎಷ್ಟು ದಿನದ ಕೂಲಿ ಬಿಡಬೇಕು? ಅಲೆಮಾರಿಗಳ ಪಾಡು ಕೇಳಲೇ ಬೇಡಿ. ಊರೇ ಇಲ್ಲದವರಿಗೆ ವಾಸಸ್ಥಳ ದೃಢೀಕರಣ ಕೊಡೋರು ಯಾರು?

ಅಸ್ಸಾಮಿನಲ್ಲಿ ಪೌರತ್ವದ ಪಟ್ಟಿ ಮಾಡಿದರು. 2019ರ ಆಗಸ್ಟ್ 31ರಂದು ಪಟ್ಟಿ ಹೊರಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಅದರ ಹೊರಗಿದ್ದರು. ಅಕ್ಷರ ತಪ್ಪಿದ್ದಕ್ಕೆ, ಅಜ್ಜನ ಹೆಸರು ಹೊಂದದ್ದಕ್ಕೆ ಹೊರಗೆ ಬಿದ್ದವರು ಎಷ್ಟೋ ಮಂದಿ. ಪ್ರವಾಹದ ಹೊಳೆ ಮನೆ ಜೊತೆ ಕಾಗದವನ್ನೂ ಒಯ್ಯುವ ನಾಡು ಅದು.

ಇನ್ನು ಅಕ್ರಮ ಅನ್ನೋ ಮಾತು. ಮಲೆನಾಡಿನವರಿಗೆ ಈ ಮಾತಿನ ರುಚಿ ಚೆನ್ನಾಗಿ ಗೊತ್ತು. ಬಗರ್‌ಹುಕುಂ ಸಾಗುವಳಿ ಮಾಡಿದ ಭೂಹೀನ ಅಕ್ರಮ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ 1964ರಲ್ಲಿ ನಾಡಿಗೆಲ್ಲ ಬೆಳಕು ಕೊಟ್ಟಾಗ ಮುಳುಗಿದ ಊರುಗಳ ಜನ ಇದ್ದರಲ್ಲ, ಅವರಲ್ಲಿ ಎಷ್ಟೋ ಕುಟುಂಬಗಳು ಸರ್ಕಾರವೇ ತಂದು ಬಿಟ್ಟ ಜಾಗದಲ್ಲಿ ಹಕ್ಕುಪತ್ರ ಇಲ್ಲದೆ ಅರವತ್ತು ವರ್ಷ ಕಳೆದವು. ಕಾನೂನಿನ ಕಣ್ಣಿಗೆ ಅವರೂ ಒತ್ತುವರಿದಾರರೇ. ಪಟ್ಟಣದಲ್ಲಿ ಎರಡು ಮಹಡಿಗೆ ಪರವಾನಗಿ ಪಡೆದು ನಾಲ್ಕು ಮಹಡಿ ಎಬ್ಬಿಸಿದವನಿಗೆ ಸರ್ಕಾರವೇ ಹೆಸರಿಟ್ಟು ಯೋಜನೆ ಮಾಡುತ್ತೆ, ಅಕ್ರಮ-ಸಕ್ರಮ! ಉಳ್ಳವನ ಅಕ್ರಮಕ್ಕೆ ಸಕ್ರಮ ಅನ್ನೋ ಬಾಲ ಇರುತ್ತೆ. ಇಲ್ಲದವನ ಅಕ್ರಮಕ್ಕೆ ಆ ಬಾಲ ಸುಲಭಕ್ಕೆ ಅಂಟೋದಿಲ್ಲ.

ಬಾಂಗ್ಲಾದವರು ನಮಗೆ ಏನಾಗಬೇಕು ಅಂತ ನಮ್ಮ ಹುಡುಗರು ಕೇಳ್ತಾರೆ. ಏನಾಗಬೇಕು ಅಂತ ಹೇಳ್ತೀವಿ ಕೇಳಿ. 1946ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆ ಹೋಗೋಕೆ ಬೊಂಬಾಯಿಯಲ್ಲಿ ದಾರಿ ಇರಲಿಲ್ಲ. ಬಾಗಿಲು ಮುಚ್ಚಿದ್ದರು. ಆಗ ಅವರನ್ನ ಗೆಲ್ಲಿಸಿ ಕಳಿಸಿದ್ದು ಬಂಗಾಳ. ಅದಕ್ಕೆ ಹೆಗಲು ಕೊಟ್ಟವರು ಜೋಗೇಂದ್ರನಾಥ ಮಂಡಲ್, ನಾಮಶೂದ್ರರು, ಅಂದರೆ ಬಂಗಾಳದ ಅಸ್ಪೃಶ್ಯರು. ಜೆಸ್ಸೂರು, ಖುಲ್ನಾ ಕಡೆಯ ಆ ನೆಲ ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಯಿತು. ಇವತ್ತು ಅದು ಬಾಂಗ್ಲಾದೇಶ. ಬಾಬಾಸಾಹೇಬರು ಆ ಸ್ಥಾನ ಕಳಕೊಂಡು 1947ರಲ್ಲಿ ಬೊಂಬಾಯಿಯಿಂದ ಮತ್ತೆ ಆರಿಸಿ ಬಂದರು. ಮಂಡಲರು ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. ತನ್ನ ಜನರ ಮೇಲೆ ನಡೆದ ಹಿಂಸೆ ನೋಡಲಾರದೆ 1950ರಲ್ಲಿ ರಾಜೀನಾಮೆ ಎಸೆದು ಕಲ್ಕತ್ತೆಗೆ ಬಂದರು. ಅಂಬೇಡ್ಕರರ ಫೋಟೋಕ್ಕೆ ಹಾರ ಹಾಕಿ, ಅವರಿಗೆ ದಾರಿ ಕೊಟ್ಟ ಜನರ ಮೊಮ್ಮಕ್ಕಳನ್ನ ಬಾಂಗ್ಲಾ ಅಂತ ಬೈಯುವುದು ಯಾವ ಸೀಮೆ ಅಂಬೇಡ್ಕರ್ ವಾದ?

ಆ ನಾಮಶೂದ್ರರು ದೂರದವರೂ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ ಹೋಗಿ ನೋಡಿ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದವರನ್ನ 1970ರ ಆಸುಪಾಸಿನಲ್ಲಿ ಸರ್ಕಾರ ಅಲ್ಲಿ ನೆಲೆ ನಿಲ್ಲಿಸಿತು, ಕುಟುಂಬಕ್ಕೆ ಐದೈದು ಎಕರೆ ಕೊಟ್ಟಿತು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು. ಆದರೆ ನಾಮಶೂದ್ರ ಅನ್ನೋ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಅಸ್ಪೃಶ್ಯರಾಗಿ ಹುಟ್ಟಿದರು, ಇಲ್ಲಿ ಅಸ್ಪೃಶ್ಯರು ಅನ್ನೋದಕ್ಕೂ ಕಾಗದ ಇಲ್ಲ. ಇನ್ನೊಂದು ಕಡೆ ನೋಡಿ: 1960ರ ದಶಕದಲ್ಲಿ ಟಿಬೆಟಿನವರಿಗೆ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಬಿಟ್ಟುಕೊಟ್ಟ ರಾಜ್ಯ ನಮ್ಮದು. ನಮ್ಮ ಸೀಮೆಗೆ ಹತ್ತಿರದ ಮುಂಡಗೋಡಿನಲ್ಲೂ ಅವರ ಕಾಲೊನಿ, ಶಾಲೆ, ಆಸ್ಪತ್ರೆ ಎದ್ದವು. ಇದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಓಡಿ ಬಂದವರಿಗೆ ನೆಲೆ ಕೊಡಲು ಈ ರಾಜ್ಯಕ್ಕೆ ಬರುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಮನಸ್ಸು ಬಂದಾಗ ನಿರಾಶ್ರಿತ, ಮನಸ್ಸು ಕೆಟ್ಟಾಗ ನುಸುಳುಕೋರ. ಮನಸ್ಸು ಯಾರನ್ನ ಕಂಡರೆ ಕೆಡುತ್ತೆ ಅಂತ ಬಿಡಿಸಿ ಹೇಳಬೇಕಾ?

ಕೂಲಿ ಕಿತ್ಕೋತಾರೆ ಅನ್ನೋ ಮಾತಿದೆಯಲ್ಲ, ಅದನ್ನ ನಾವು ಹಗುರ ಮಾಡಲ್ಲ. ಐನೂರಕ್ಕೆ ನಾವು ನಿಂತಿದ್ದಾಗ ಮುನ್ನೂರಕ್ಕೆ ಬರೋರು ಇದ್ದರೆ ನಮ್ಮ ಹೊಟ್ಟೆ ಉರಿಯುತ್ತೆ. ಆದರೆ ಆ ಇನ್ನೂರು ರೂಪಾಯಿ ಯಾರ ಜೇಬಿಗೆ ಹೋಯಿತು? ಬಂದವನ ಜೇಬಿಗೆ ಹೋಗಿಲ್ಲ, ನಮ್ಮ ಜೇಬಿಗೂ ಬಂದಿಲ್ಲ. ಗುತ್ತಿಗೆದಾರನ ಜೇಬಿಗೆ ಹೋಯಿತು. ಹೆದರಿದ ಕೂಲಿ ಅಗ್ಗದ ಕೂಲಿ. ಪೊಲೀಸರಿಗೆ ಹೇಳ್ತೀನಿ ಅನ್ನೋ ಒಂದು ಮಾತು ಗುತ್ತಿಗೆದಾರನ ಕೈಯಲ್ಲಿ ಇದ್ದರೆ ಅವನಿಗೆ ಬೇರೆ ಚಾವಟಿ ಬೇಕಿಲ್ಲ. ರಾಜ್ಯದ ಪೊಲೀಸು ಶೆಡ್ಡು ಶೆಡ್ಡಿಗೆ ನುಗ್ಗಿದಷ್ಟೂ ಕೂಲಿ ಬಾಯಿ ಮುಚ್ಚುತ್ತಾನೆ, ಅವನು ಬಾಯಿ ಮುಚ್ಚಿದಷ್ಟೂ ನಮ್ಮ ಕೂಲಿಯೂ ಇಳಿಯುತ್ತೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ 1979ರಲ್ಲೇ ಒಂದು ಕಾಯ್ದೆ ಆಗಿತ್ತು. ಗುತ್ತಿಗೆದಾರ ಲೈಸೆನ್ಸು ತಗೋಬೇಕು, ಇರಲು ಜಾಗ ಕೊಡಬೇಕು ಅಂತ ಅದರಲ್ಲಿತ್ತು. 2025ರ ನವೆಂಬರಿನಿಂದ ಅದನ್ನ ಹೊಸ ಕಾರ್ಮಿಕ ಸಂಹಿತೆಯ ಹೊಟ್ಟೆಯೊಳಗೆ ಸೇರಿಸಿದ್ದಾರೆ. ಆ ಕಾಯ್ದೆ ಜಾರಿ ಮಾಡೋಕೆ ಯಾವತ್ತಾದರೂ ಜೆಸಿಬಿ ಬಂದದ್ದನ್ನ ನೋಡಿದೀರಾ?

ಹಾಗಾದರೆ ಗಡಿಯೇ ಬೇಡವಾ ಅಂತ ಕೇಳೋರಿದ್ದಾರೆ. ಗಡಿ ಬೇಡ ಅಂತ ನಾವು ಹೇಳ್ತಿಲ್ಲ. ದೇಶಕ್ಕೆ ಗಡಿ ಇರುತ್ತೆ, ಕಾಯೋಕೆ ಸೈನ್ಯ ಇರುತ್ತೆ. ಒಬ್ಬ ನಿಜಕ್ಕೂ ಬೇರೆ ದೇಶದವನು ಅಂತ ಕೋರ್ಟಿನಲ್ಲಿ ತೀರ್ಮಾನ ಆದರೆ, ಅವನ ದೇಶದ ಜೊತೆ ಮಾತಾಡಿ, ಮರ್ಯಾದೆಯಿಂದ ಕಳಿಸೋಕೆ ದಾರಿ ಇದೆ. ನಮ್ಮ ಜಗಳ ದಾರಿ ಬಿಟ್ಟವರ ಜೊತೆ. 2025ರ ಬೇಸಿಗೆಯಲ್ಲಿ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ 30 ದಿನದ ಗಡುವು ಕೊಟ್ಟಿತು, ಅನುಮಾನದವರನ್ನ ಪರಿಶೀಲಿಸಿ ಅಂತ. ಆಮೇಲೆ ಏನಾಯ್ತು? ಹಲವು ರಾಜ್ಯಗಳಲ್ಲಿ ಬಂಗಾಳಿ ಮಾತಾಡುವ ಕೂಲಿಯವರನ್ನ ಬಾಚಿ ಬಾಚಿ ಠಾಣೆಗೆ ತುಂಬಿದರು. ಪಶ್ಚಿಮ ಬಂಗಾಳದ ಒಬ್ಬ ಬಸುರಿ ಹೆಣ್ಣುಮಗಳನ್ನ ದಿಲ್ಲಿಯಲ್ಲಿ ಹಿಡಿದು, ಗಂಡ ಮಗುವಿನ ಸಮೇತ ಗಡಿಯಾಚೆ ತಳ್ಳಿದರು. ಆ ಕಡೆಯ ಪೊಲೀಸರು ಅವಳನ್ನ ಅಕ್ರಮ ನುಸುಳುಕೋರಳು ಅಂತ ಜೈಲಿಗೆ ಹಾಕಿದರು! ಆ ಗಡೀಪಾರು ತಪ್ಪು, ವಾಪಸು ಕರೆತನ್ನಿ ಅಂತ ಕಲ್ಕತ್ತಾ ಹೈಕೋರ್ಟು ಸೆಪ್ಟೆಂಬರಿನಲ್ಲಿ ಹೇಳಿತು. ಅವಳು ಮರಳಿದ್ದು ಡಿಸೆಂಬರಿನಲ್ಲಿ. ಎರಡು ದೇಶಕ್ಕೂ ಬೇಡವಾದ ಹೊಟ್ಟೆ ಅದು. ಮೂವತ್ತು ದಿನದಲ್ಲಿ ಲೆಕ್ಕ ಮುಗಿಸಿ ಅಂದರೆ ಇದೇ ಆಗೋದು.

ನಮ್ಮವರು ಎಲ್ಲೂ ಪರದೇಶಿಗಳಲ್ಲವಾ? ಗೋವೆಗೆ ಹೋದ ಕನ್ನಡದ ಕೂಲಿಯವರನ್ನ ಅಲ್ಲಿ ಘಾಟಿ ಅಂತ ಹೀಯಾಳಿಸ್ತಾರೆ. ವಾಸ್ಕೋದ ಬೈನಾ ಕಡಲ ದಂಡೆಯಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಕನ್ನಡಿಗರ ಮನೆಗಳ ಮೇಲೆ ಯಂತ್ರ ಹತ್ತಿಸಿದರು. ಆವತ್ತು ಇಲ್ಲಿ ಮೆರವಣಿಗೆ ತೆಗೆದವರೇ 2020ರಲ್ಲಿ ಬೆಳ್ಳಂದೂರಿನ ಯಂತ್ರ ಕಂಡು ಸುಮ್ಮನಾದರು. 2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದವರಲ್ಲಿ ನಮ್ಮ ಶಿವಮೊಗ್ಗ ಸೀಮೆಯ ಹಕ್ಕಿಪಿಕ್ಕಿಯವರೂ ಇದ್ದರು, ಗಿಡಮೂಲಿಕೆ ಮಾರೋಕೆ ಹೋದವರು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಮಂದಿ ಭಾರತೀಯರನ್ನ ಕೋಳ ತೊಡಿಸಿ ಅಮೃತಸರದಲ್ಲಿ ಇಳಿಸಿತು. ದೇಶಕ್ಕೆ ದೇಶವೇ ಕುದಿಯಿತು. ಕುದಿಯಬೇಕಾದ್ದೇ. ಆ ಕುದಿ ನಮ್ಮ ಠಾಣೆಯ ಬಾಗಿಲಲ್ಲಿ ಯಾಕೆ ಆರಿಹೋಗುತ್ತೆ?

ಈಗ ನಮ್ಮ ಈಸೂರಿನ ಮಾತು. ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನೋ ಘೋಷಣೆಯನ್ನ ಇವತ್ತು ಬೇಲಿ ಕಟ್ಟುವವರೂ ವೇದಿಕೆ ಮೇಲೆ ಕೂಗ್ತಾರೆ. 1942ರಲ್ಲಿ ಈ ಊರು ಮಾಡಿದ್ದೇನು? ತಾನೇ ಸ್ವತಂತ್ರ ಅಂತ ಸಾರಿತು. ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಅಂತ ಮಾಡಿತು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶ ಇಲ್ಲ ಅಂತ ಬೋರ್ಡು ಹಾಕಿತು. ಗಮನಿಸಿ, ಆ ಬೋರ್ಡು ಕೂಲಿಗೆ ಬಂದವನಿಗೆ ಹಾಕಿದ್ದಲ್ಲ, ಗುಳೆ ಬಂದವನಿಗೆ ಹಾಕಿದ್ದಲ್ಲ. ಜನಕ್ಕೆ ಲೆಕ್ಕ ಕೊಡದ ಅಧಿಕಾರಕ್ಕೆ ಹಾಕಿದ್ದು. ಆಮೇಲೆ ಗಲಭೆ ಆಯಿತು, ಸಾವು ಆದವು, ಪೊಲೀಸರು ಬಂದು ಮನೆ ಮಠ ಸೂರೆ ಮಾಡಿದರು, ಊರಿಗೆ ಊರೇ ಕಾಡು ಸೇರಿತು. 1943ರಲ್ಲಿ ಐದು ಮಂದಿಯನ್ನ ಗಲ್ಲಿಗೆ ಹಾಕಿದರು. ಸರ್ಕಾರದ ಕಡತದಲ್ಲಿ ಆವತ್ತು ಈಸೂರಿನವರೆಲ್ಲ ಅಪರಾಧಿಗಳು, ತಲೆಮರೆಸಿಕೊಂಡವರು. ಪಕ್ಕದ ಹಿರೇಕೆರೂರು ತಾಲ್ಲೂಕು ಆಗ ಮೈಸೂರು ಸೀಮೆಯಲ್ಲ, ಬೊಂಬಾಯಿ ಪ್ರಾಂತ್ಯ. 1956ರಲ್ಲಿ ಆ ಗೆರೆ ಅಳಿಸಿಹೋಯಿತು, ಬೀಗತನ ಮಾಡಿದ ಮನೆಗಳು ಹಾಗೇ ಉಳಿದವು. ಕಡತ ಬರೆದವರ ಮಾತೇ ಕೊನೆ ಮಾತಾಗಿದ್ದರೆ ಈ ಊರಿಗೆ ಹುತಾತ್ಮರ ಸ್ಮಾರಕ ಇರುತ್ತಿರಲಿಲ್ಲ.

ಅದಕ್ಕೇ ಈ ನೆಲದಲ್ಲಿ ನಿಂತು ನಾವು ಕೇಳ್ತೀವಿ. ಕೋರ್ಟಿನ ತೀರ್ಮಾನ ಇಲ್ಲದೆ ಒಬ್ಬರನ್ನೂ ಗಡಿಯಾಚೆ ತಳ್ಳಕೂಡದು. ಹಿಡಿದವರನ್ನ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನ ಕೊಡಿ. ಪೌರತ್ವ ಪರೀಕ್ಷೆ ಮಾಡೋದು ವಾರ್ಡಿನ ಇಂಜಿನಿಯರಿನ ಕೆಲಸ ಅಲ್ಲ, ಟಿವಿಯವರ ಕೆಲಸ ಅಲ್ಲ, ಶಾಲು ಹೊದ್ದ ಪುಂಡರ ಕೆಲಸ ಅಂತೂ ಅಲ್ಲವೇ ಅಲ್ಲ. ಶೆಡ್ಡಿಗೆ ಮೊದಲು ಕಾರ್ಮಿಕ ಇಲಾಖೆ ಹೋಗಲಿ, ಗುತ್ತಿಗೆದಾರನ ಕೊರಳಪಟ್ಟಿ ಹಿಡಿಯಲಿ. ಸಾಬೀತಿನ ಹೊರೆ ಸರ್ಕಾರದ ಹೆಗಲಿಗೆ ಬರಬೇಕು ಅಂತ ರಾಜ್ಯ ದಿಲ್ಲಿಗೆ ಬಾಯಿಬಿಟ್ಟು ಹೇಳಲಿ. ಎರವಲು ಲಾಠಿ ಹಿಡಿದವನಿಗೆ ಬೇಡ ಅನ್ನೋಕೂ ನಾಲಿಗೆ ಇರಬೇಕು. ಮುಚ್ಚಿದ ಹಾಸ್ಟೆಲುಗಳ ಬೀಗ ತೆಗೆದು ಮಕ್ಕಳಿಗೆ ಕೊಡಿ.

ನಾವು ಪದ್ಯ ಬರೆಯೋ ಹುಡುಗರು, ನಮಗೆ ಪದದ ಮೇಲೆ ಕಣ್ಣು. ಸಂವಿಧಾನದ 19ನೇ ವಿಧಿಯಲ್ಲಿ ನಾಗರಿಕ ಅಂತ ಇದೆ. ಸಮಾನತೆಯ 14ರಲ್ಲಿ, ಜೀವದ ಹಕ್ಕಿನ 21ರಲ್ಲಿ ನಾಗರಿಕ ಅಂತ ಇಲ್ಲ, ವ್ಯಕ್ತಿ ಅಂತ ಇದೆ. ಅದು ಕೈತಪ್ಪಿ ಆದದ್ದಲ್ಲ. ಮನುಷ್ಯ ಅನ್ನಿಸಿಕೊಳ್ಳೋಕೆ ಕಾಗದ ತೋರಿಸಬೇಕಾದ ನೋವು ಏನು ಅಂತ ಆ ಸಭೆಯಲ್ಲಿ ಕೂತಿದ್ದ ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಕೇರಿಯ ಹುಡುಗರೇ, ಇವತ್ತು ಲುಂಗಿ ಉಟ್ಟವನ ಕಾಗದ ಕೇಳೋಕೆ ನಿಮ್ಮನ್ನ ಮುಂದೆ ಬಿಟ್ಟಿದ್ದಾರೆ. ಅವನ ಸರದಿ ಮುಗಿದ ಮೇಲೆ ಸಾಲಿನಲ್ಲಿ ಮುಂದಿನವರು ಯಾರು ಅಂತ ಒಂದು ಸಲ ಹಿಂತಿರುಗಿ ನೋಡಿ.